ಅರೆಗುಡ್ಡೆಯ ತೂಕ

ಕಾಲು ದೊಡ್ಡದೋ, ಎಂಟರಲ್ಲೊಂದು ದೊಡ್ಡದೋ? ಕಲ್ಯಾಣದುರ್ಗದ ಶಾಲೆಯ ಕನ್ನಡ ಸೆಕ್ಷನ್ನಿಗೆ ಮೇಷ್ಟ್ರಾಗಿ ಹೋದ ಹೊಸತರಲ್ಲಿ ಐದನೇ ತರಗತಿಯವರನ್ನು ನಾನು ಕೇಳುತ್ತಿದ್ದ ಮೊದಲ ಪ್ರಶ್ನೆ ಇದೇ. ತರಗತಿಗೆ ತರಗತಿಯೇ ಎಂಟರಲ್ಲೊಂದು ದೊಡ್ಡದು ಎಂದು ಕೂಗುತ್ತಿತ್ತು. ನಾಲ್ಕಕ್ಕಿಂತ ಎಂಟು ದೊಡ್ಡದಲ್ಲವೇ, ಅದಕ್ಕೆ. ನನಗೆ ಪಿತ್ತ ನೆತ್ತಿಗೇರುತ್ತಿತ್ತು. ಇಪ್ಪತ್ತೆರಡು ವರ್ಷದ ಮೇಷ್ಟ್ರು, ಕೈಯಲ್ಲಿ ಹುಣಸೆ ಬರಲಿನ ಬೆತ್ತ, ಟ್ರೈನಿಂಗ್ ಮುಗಿಸಿಕೊಂಡು ಬಂದ ಬಿಸಿ ಬೇರೆ. ಎಷ್ಟು ಕೈಗಳನ್ನು ಕೆಂಪಗೆ ಮಾಡಿದ್ದೇನೋ, ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ಒಂದು ದಿನ ಒಬ್ಬ ಹುಡುಗಿ ಎದ್ದು ನಿಂತಳು. ಸೆಟ್ಟೂರು ಕಡೆಯವಳು, ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ಓದುತ್ತಿದ್ದಳು. ಬಾಯಿ ಬಿಡುವುದೇ ಅಪರೂಪ.

"ಕಾಲೇ ದೊಡ್ದು ಸಾ," ಅಂದಳು. "ನಾಕು ಮನೆಯೋರು ಹಂಚ್ಕಂಡ್ರೆ ಜಾಸ್ತಿ ಬತ್ತೈತೆ. ಎಂಟು ಮನೆಯೋರು ಹಂಚ್ಕಂಡ್ರೆ ಕಮ್ಮಿ ಬತ್ತೈತೆ."

ಉತ್ತರ ಸರಿಯಾಗಿತ್ತು. ಅಷ್ಟೇ ಅಲ್ಲ, ಪುಸ್ತಕದಲ್ಲಿ ಇದ್ದದ್ದಕ್ಕಿಂತ ಚೆನ್ನಾಗಿತ್ತು. ಭೇಷ್ ಅನ್ನಬೇಕಾಗಿತ್ತು ನಾನು. ಅನ್ನಲಿಲ್ಲ. "ಮನೆ ಗಿನೆ ಅಂತೆಲ್ಲ ಮಾತಾಡಬಾರದು. ಛೇದ ಹೆಚ್ಚಾದಷ್ಟೂ ಬೆಲೆ ಕಡಿಮೆ ಆಗುತ್ತದೆ. ಹಾಗೆ ಹೇಳು," ಅಂದೆ. ಅವಳು ಹಾಗೆಯೇ ಹೇಳಿ, ಏನೂ ಅರ್ಥವಾಗದ ಮುಖ ಮಾಡಿಕೊಂಡು ಕೂತಳು.

ಯಾಕೆ ಹಾಗೆ ಮಾಡಿದೆ ಅಂದರೆ, ಅದು ನಮ್ಮಪ್ಪನ ಮಾತಾಗಿತ್ತು. ನಮ್ಮಪ್ಪನಿಗೆ ಓದುಬರಹ ಇರಲಿಲ್ಲ. ಹಿಂದೂಪುರದಿಂದ ಚಿಲಮತ್ತೂರಿಗೆ ಹೋಗುವ ದಾರಿಯಲ್ಲಿ ನಮ್ಮೂರು. ಅಪ್ಪನಿಗೆ ಲೆಕ್ಕ ಅಂದರೆ ಮನೆ. ಮೂರರಲ್ಲಿ ಎರಡು ಪಾಲು ಅನ್ನಬೇಕಾದ ಕಡೆ "ಮೂರು ಮನೇನಾಗೆ ಎರಡು ಮನೇದು" ಅನ್ನುತ್ತಿದ್ದ. ಆ ಮಾತನ್ನು ಊರಲ್ಲೇ ಬಿಟ್ಟು ಬಂದೆ ಅಂದುಕೊಂಡಿದ್ದೆ ನಾನು. ಅದು ಸೆಟ್ಟೂರಿನ ಹುಡುಗಿಯ ಬಾಯಲ್ಲಿ ಬಂದು ನನ್ನ ಮುಂದೆ ನಿಂತರೆ ಹೇಗಾಗಬೇಡ? ಅಪ್ಪನ ಬಗ್ಗೆ ನನಗೆ ನಾಚಿಕೆ ಇತ್ತು. ಇಲ್ಲ ಅಂತ ಈಗ ಸುಳ್ಳು ಹೇಳಿ ಏನು ಪ್ರಯೋಜನ.

ನಮ್ಮೂರಲ್ಲಿ ಅಪ್ಪನಿಗೆ ಒಂದು ಕೆಲಸವಿತ್ತು. ಸಂಬಳದ್ದಲ್ಲ, ಮಾನದ್ದು. ಉಗಾದಿಯ ಮಾರನೇ ದಿನ ವರ್ಷತೊಡಕು. ಅವತ್ತು ಬಾಡಿಲ್ಲದ ಮನೆ ಇರಬಾರದು. ಒಂದೊಂದು ಮನೆಗೂ ಒಂದೊಂದು ಟಗರು ತರೋಕಾಗುತ್ತದೆಯೇ? ಹನ್ನೆರಡು ಮನೆಯವರು ಸೇರಿಕೊಂಡು ಹಿಂದೂಪುರದ ಸಂತೆಯಿಂದ ಒಂದು ಟಗರು ತರುತ್ತಿದ್ದರು. ಕೊಯ್ದು, ಹೊಂಗೆಸೊಪ್ಪು ಹಾಸಿ, ಅದರ ಮೇಲೆ ಹನ್ನೆರಡು ಗುಡ್ಡೆ ಹಾಕಬೇಕು. ಆ ಗುಡ್ಡೆ ಹಾಕೋನು ನಮ್ಮಪ್ಪ. ನಾನು ಹುಟ್ಟೋದಕ್ಕೆ ಮುಂಚಿನಿಂದಲೂ ಅವನೇ.

ತಕ್ಕಡಿ ಇಲ್ಲ, ಕಲ್ಲಿಲ್ಲ. ಎರಡು ಕೈ, ಒಂದು ಕತ್ತಿ. ಮೊದಲು ಮೂರು ಗುಡ್ಡೆ ಮಾಡುತ್ತಿದ್ದ, ಒಂದೊಂದು ಹಿಡಿ ಇಲ್ಲಿ, ಅಲ್ಲಿ, ಅಲ್ಲಿ ಅಂತ ಹಾಕುತ್ತಾ. ಆಮೇಲೆ ಆ ಮೂರನ್ನೂ ಎರಡೆರಡು ಮಾಡುತ್ತಿದ್ದ. ಆರಾಯಿತು. ಮತ್ತೆ ಎರಡೆರಡು ಮಾಡಿದರೆ ಹನ್ನೆರಡು. ತೊಡೆಯ ಮಾಂಸ, ಪಕ್ಕೆ, ಕತ್ತು, ಕೊಬ್ಬು ಎಲ್ಲಕ್ಕೂ ಬೇರೆ ಬೇರೆಯಾಗಿ ಇದೇ ಕ್ರಮ. ಈಲಿ ಅಂದರೆ ಪಿತ್ತಜನಕಾಂಗ, ಎಲ್ಲರ ಕಣ್ಣೂ ಅದರ ಮೇಲೆ. ಅದನ್ನು ಹನ್ನೆರಡು ತುಂಡು ಮಾಡಿ ಪ್ರತಿ ಗುಡ್ಡೆಯ ನೆತ್ತಿಯ ಮೇಲೆ ಒಂದೊಂದು ಇಡುತ್ತಿದ್ದ. ಒಮ್ಮೆ ಚಿಕ್ಕವನಾಗಿದ್ದಾಗ, ಐದು ಮನೆ ಇದ್ದರೆ ಏನಪ್ಪಾ ಮಾಡ್ತೀಯ ಅಂತ ಕೇಳಿದ್ದೆ. "ಐದು ತಲೆನೋವು ಕಣ್ಲಾ. ಆರು ಮಾಡ್ಬುಟ್ಟು, ಆರ್ನೇದನ್ನ ಒಡ್ದು ಐದರ ಮ್ಯಾಲೂ ಒಂದೊಂದ್ ತುಂಡು ಹಾಕ್ತೀನಿ," ಅಂದಿದ್ದ. ಆ ಲೆಕ್ಕ ನನಗೆ ಅರ್ಥವಾಗಲು ಟ್ರೈನಿಂಗ್ ಮುಗಿಯಬೇಕಾಯಿತು.

ಗುಡ್ಡೆ ಮುಗಿದ ಮೇಲೆ ಒಬ್ಬರು ಅವುಗಳಿಗೆ ಬೆನ್ನು ಮಾಡಿ ಕೂರುತ್ತಿದ್ದರು. ಅಪ್ಪ ಒಂದು ಗುಡ್ಡೆಯ ಹತ್ತಿರ ಕತ್ತಿಯ ತುದಿ ಹಿಡಿದು "ಇದ್ಯಾರ್ದು?" ಅನ್ನುತ್ತಿದ್ದ. ಬೆನ್ನು ಮಾಡಿದವರು ನೋಡದೆಯೇ "ಬಾವಿಮನೇದು" ಅಂತಲೋ "ಗೇಟುಮನೇದು" ಅಂತಲೋ ಅನ್ನುತ್ತಿದ್ದರು. ಹೀಗಾಗಿ ಯಾರಿಗೆ ಯಾವ ಗುಡ್ಡೆ ಅನ್ನುವುದರಲ್ಲಿ ಜಗಳಕ್ಕೆ ಜಾಗವೇ ಇರಲಿಲ್ಲ. ಅರೆಗುಡ್ಡೆ ಬೇಕೆಂದವರದ್ದು ಮಾತ್ರ ಬೇರೆ. ಚಿಕ್ಕ ಸಂಸಾರದ ಎರಡು ಮನೆಯವರು ಒಂದೇ ಮನೆಯ ಲೆಕ್ಕದಲ್ಲಿ ಸೇರಿ ಒಂದು ಗುಡ್ಡೆ ತೆಗೆದುಕೊಂಡರೆ ಅದನ್ನು ಎರಡು ಮಾಡಿ, ಇದು ನಿನಗೆ, ಇದು ನಿನಗೆ ಎಂದು ಅಪ್ಪನೇ ಕೈಯಾರೆ ಕೊಡುತ್ತಿದ್ದ. ಅಲ್ಲಿ ಬೆನ್ನು ತಿರುಗಿಸಿ ಕೂರೋರು ಯಾರೂ ಇಲ್ಲ. ಅಪ್ಪನ ಮೇಲಿನ ನಂಬಿಕೆಯೊಂದೇ.

ಆಗ ಸೇರು, ಪಾವು, ಚಟಾಕು ಎಲ್ಲ ಹೋಗಿ ಕಿಲೋ, ಗ್ರಾಂ ಬರುತ್ತಿದ್ದ ಕಾಲ. ಅಂಗಡಿಯವನಿಗೂ ಗೊತ್ತಿಲ್ಲ, ಕೊಳ್ಳೋನಿಗೂ ಗೊತ್ತಿಲ್ಲ. ಮಕ್ಕಳಿಗೆ ಕಲಿಸಲಿ ಎಂದು ನಮ್ಮ ಶಾಲೆಗೊಂದು ಹೊಸ ತಕ್ಕಡಿ ಬಂದಿತ್ತು. ಹಿತ್ತಾಳೆ ತಟ್ಟೆ, ಕಿಲೋದಿಂದ ಹಿಡಿದು ಐವತ್ತು ಗ್ರಾಮಿನವರೆಗೆ ಕಲ್ಲುಗಳು. ನನಗೋ ಅದರ ಮೇಲೆ ಪ್ರಾಣ. ಅರ್ಧ ಅಂದರೆ ಐನೂರು, ಕಾಲು ಅಂದರೆ ಇನ್ನೂರೈವತ್ತು. ನೋಡಿ ಹೇಳೋದಲ್ಲ, ಮುಳ್ಳು ನೆಟ್ಟಗೆ ನಿಂತು ಹೇಳುತ್ತದೆ. ಆ ಉಗಾದಿಗೆ ಊರಿಗೆ ಹೊರಟಾಗ ಹೆಡ್‌ಮೇಷ್ಟ್ರನ್ನು ಕೇಳಿ ತಕ್ಕಡಿಯನ್ನೂ ಚೀಲಕ್ಕೆ ಹಾಕಿಕೊಂಡೆ. ಊರಿನವರಿಗೆ ತೋರಿಸುವ ಆಸೆ. ಎರಡು ಬಸ್ಸು ಹತ್ತಿಳಿದು, ಆ ಭಾರ ಹೊತ್ತುಕೊಂಡು ಹೋದೆ. ಅಹಂಕಾರ ಇದ್ದವನಿಗೆ ಭಾರ ಗೊತ್ತಾಗುವುದಿಲ್ಲ ನೋಡಿ.

ವರ್ಷತೊಡಕಿನ ಬೆಳಿಗ್ಗೆ ಅಪ್ಪ ಹನ್ನೊಂದು ಗುಡ್ಡೆ ಹಂಚಿ ಮುಗಿಸಿದ. ಹನ್ನೆರಡನೆಯದು ಅರೆಗುಡ್ಡೆಯವರದ್ದು. ಒಂದು ಪಾಲು ಮೂಲೆಮನೆ ಅಜ್ಜಿಗೆ, ಒಂಟಿ ಜೀವ. ಇನ್ನೊಂದು ಪಾಲು ನನ್ನ ಸೋದರಮಾವನಿಗೆ, ಅಂದರೆ ಅಮ್ಮನ ತಮ್ಮನಿಗೆ. ಮಾವನದು ದೊಡ್ಡ ಸಂಸಾರವೇ, ಆದರೆ ಆ ಸಲ ಮನೆಯ ಅರ್ಧ ಜನ ರೊದ್ದದ ಬೀಗರ ಮನೆಗೆ ಹೋಗಿದ್ದರು. ಅಪ್ಪ ಗುಡ್ಡೆ ಒಡೆದ. ನಾನು ನೋಡಿದೆ. ಮಾವನ ಪಾಲು ದೊಡ್ಡದು, ಅಜ್ಜಿಯ ಪಾಲು ಚಿಕ್ಕದು. ಕಣ್ಣಿಗೇ ಹೊಡೆಯುತ್ತಿತ್ತು.

"ಅಪ್ಪಾ, ಇದು ಅರ್ಧ ಅಲ್ಲ," ಅಂದೆ.

ಮೆಲ್ಲಗೆ ಹೇಳಬಹುದಿತ್ತು. ಹತ್ತಿರ ಹೋಗಿ ಕಿವಿಯಲ್ಲಿ ಕೇಳಬಹುದಿತ್ತು. ಇಲ್ಲ, ಹನ್ನೆರಡು ಮನೆಯವರಿಗೂ ಕೇಳುವ ಹಾಗೆ, ತರಗತಿಯಲ್ಲಿ ಹೇಳಿದ ಹಾಗೆ ಹೇಳಿದೆ. ಅಪ್ಪ ತಲೆಯೆತ್ತಿ, "ಅರ್ಧವೇ ಕಣಪ್ಪ," ಅಂದ. ಅಷ್ಟಕ್ಕಾದರೂ ಸುಮ್ಮನಾಗಬೇಕಿತ್ತು. ಮನೆಗೆ ಓಡಿ ತಕ್ಕಡಿ ತಂದೆ. ಮಾವನ ಪಾಲನ್ನು ಒಂದು ತಟ್ಟೆಗೆ, ಅಜ್ಜಿಯ ಪಾಲನ್ನು ಇನ್ನೊಂದು ತಟ್ಟೆಗೆ ಸುರಿದೆ. ಮಾವನ ಕಡೆ ದಡಕ್ಕನೆ ಕೆಳಕ್ಕೆ ಹೋಯಿತು. ಅಜ್ಜಿಯ ಕಡೆಗೆ ನೂರು ಗ್ರಾಮಿನ ಎರಡು ಕಲ್ಲು ಇಟ್ಟ ಮೇಲೆ ಮುಳ್ಳು ನೆಟ್ಟಗಾಯಿತು.

"ನೋಡಿ, ಇನ್ನೂರು ಗ್ರಾಂ ವ್ಯತ್ಯಾಸ," ಅಂದೆ. ಇನ್ನೂರು ಗ್ರಾಂ ಎಂದರೆ ಎಷ್ಟು ಎಂದು ಅಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಆದರೆ ತಟ್ಟೆ ಕೆಳಕ್ಕೆ ಹೋದದ್ದನ್ನು ಎಲ್ಲರೂ ನೋಡಿದ್ದರು.

ಯಾರೋ ಹಿಂದಿನಿಂದ ಅಂದರು, "ಹೆಂಡ್ರ ಕಡೆಯೋರಿಗೆ ಕೈ ಒಸಿ ಉದ್ದ ಬತ್ತೈತೆ ಬುಡು." ನಗು ಎದ್ದಿತು. ಇನ್ನೊಬ್ಬರು, "ಓಹೋ, ಅದಕ್ಕೇನಾ ನಮ್ ಗುಡ್ಡೆ ವರ್ಸಾ ವರ್ಸಾ ಕಮ್ಮಿ ಕಾಣ್ತಿದ್ದಿದ್ದು?" ಅಂದರು. ಇದು ನಗುತ್ತಾ ಹೇಳಿದ್ದಲ್ಲ. ಮಾವನ ಮುಖ ಕಪ್ಪಿಟ್ಟಿತು. ಅಪ್ಪ ಏನೋ ಹೇಳಲು ಬಾಯಿ ತೆರೆದ. ನನ್ನ ಕಡೆ ನೋಡಿದ. ಮತ್ತೆ ಮುಚ್ಚಿಕೊಂಡ.

ನಾನೋ, ಆಗ ನಿಲ್ಲುವ ಸ್ಥಿತಿಯಲ್ಲಿರಲಿಲ್ಲ. ಎರಡು ಪಾಲನ್ನೂ ಒಟ್ಟಿಗೆ ಸುರಿದು, ಕೈಯಿಂದ ಕಲೆಸಿ, ಮತ್ತೆ ತಕ್ಕಡಿಗೆ ಹಾಕಿದೆ. ಈ ಕಡೆ ಏಳುನೂರೈವತ್ತು, ಆ ಕಡೆ ಏಳುನೂರೈವತ್ತು. ಒಂದು ಗ್ರಾಂ ಆಚೀಚೆ ಇಲ್ಲ. "ಇದಪ್ಪಾ ಅರ್ಧ ಅಂದ್ರೆ!" ಅಂದೆ. ಥೂ, ನನ್ನ ಬಾಯಿಗಷ್ಟು ಮಣ್ಣು ಹಾಕ. ಜನ ತಲೆದೂಗಿದರು. ಮೂಲೆಮನೆ ಅಜ್ಜಿ ತನ್ನ ಬೋಸಿಯೊಳಗೆ ಬೆರಳಾಡಿಸಿ ನೋಡಿ, "ಇದನ್ನ ನಾನೇನ್ ಮಾಡ್ಕಳ್ಳಪ್ಪ," ಅಂತ ಮೆಲ್ಲಗೆ ಅಂದಿದ್ದು ನನ್ನ ಕಿವಿಗೆ ಬಿದ್ದಿತ್ತು. ಸಂತೋಷಕ್ಕೆ ಅಂದಳು ಅಂದುಕೊಂಡೆ.

ಅಪ್ಪ ಕತ್ತಿಯನ್ನು ಹೊಂಗೆಸೊಪ್ಪಿನಿಂದ ಒರೆಸಿ, ಕಲ್ಲಿನ ಮೇಲೆ ಇಟ್ಟು ಮನೆ ಕಡೆ ನಡೆದ. ಅದನ್ನು ವಾಪಸು ತಂದವನು ನಾನು. ಮನೆಯಲ್ಲಿ ಅಮ್ಮ ಒಲೆ ಮುಂದೆ ಕೂತಿದ್ದಳು. ಸುದ್ದಿ ಆಗಲೇ ಬಂದಿತ್ತು. "ನನ್ ತಮ್ಮನ ಮುಖ ನೋಡೋದೆಂಗಪ್ಪ ಇನ್ನ? ನಿಮ್ಮಪ್ಪನ ಮುಖಾನಾದ್ರೂ ನೋಡಿದ್ಯಾ?" ಅಂದಳು. "ಸರಿಯಾದ್ದು ಸರಿಯೇ ಕಣಮ್ಮ. ನ್ಯಾಯಕ್ಕೆ ಅಪ್ಪ ಏನು, ಮಾವ ಏನು," ಅಂದೆ. ಅವಳು ಒಲೆಗೆ ಸೌದೆ ನೂಕಿದಳು. ಅಪ್ಪ ಎರಡು ಮುದ್ದೆ ಉಣ್ಣೋನು ಅವತ್ತು ಒಂದಕ್ಕೇ ಕೈ ತೊಳೆದ.

ಕಲ್ಯಾಣದುರ್ಗಕ್ಕೆ ವಾಪಸು ಬಂದವನು ಬಾಯಿ ಮುಚ್ಚಿಕೊಂಡಿರಬೇಕೋ ಬೇಡವೋ? ತರಗತಿಯಲ್ಲಿ ತಕ್ಕಡಿ ಇಟ್ಟುಕೊಂಡು ಇದನ್ನೇ ಪಾಠ ಮಾಡಿದೆ. "ಒಂದೂರಲ್ಲಿ ಓದುಬರಹ ಬಾರದ ಒಬ್ಬ ಮನುಷ್ಯ ಇದ್ದ," ಎಂದು ಶುರು ಮಾಡಿದೆ. ಅವನು ಗುಡ್ಡೆಯನ್ನು ಎರಡು ಮಾಡಿದನಂತೆ, ತೂಗಿ ನೋಡಿದರೆ ಒಂದು ಕಡೆ ಎಂಟುನೂರೈವತ್ತು, ಇನ್ನೊಂದು ಕಡೆ ಆರುನೂರೈವತ್ತು ಇತ್ತಂತೆ. "ಹಾಗಾದರೆ ಅವನಿಗೆ ಅರ್ಧ ಅಂದರೆ ಏನು ಅಂತ ಗೊತ್ತಿತ್ತೇನ್ರೋ?" ಅಂತ ಕೇಳಿದೆ. ಇಲ್ಲಾ ಸಾ ಎಂದು ಇಡೀ ತರಗತಿ ಕೂಗಿತು. ನಮ್ಮಪ್ಪನಿಗೆ ಅರ್ಧ ಗೊತ್ತಿಲ್ಲವೆಂದು ನಲವತ್ತು ಮಕ್ಕಳ ಬಾಯಲ್ಲಿ ಹೇಳಿಸಿದ ಮಹಾನುಭಾವ ನಾನು.

ಆ ಸೆಟ್ಟೂರಿನ ಹುಡುಗಿ ಮಾತ್ರ ಕೂಗಲಿಲ್ಲ. ಕೈಯೆತ್ತಿದಳು.

"ಮೂಳೆ ಯಾವ್ ಕಡೀಕೆ ಜಾಸ್ತಿ ಇತ್ತು ಸಾ?"

"ಏನು?"

"ಮೂಳೆ ಸಾ. ಮೂಳೆ ತೂಕ ಬತ್ತೈತಲ್ಲ. ತಿನ್ನಾಕಾಗಲ್ಲ."

ಕೂತ್ಕೋ ಅಂದೆ. ಕೂತಳು. ನಾನು ಬೋರ್ಡಿನ ಕಡೆ ತಿರುಗಿ ಏನೋ ಬರೆಯಲು ಹೋದೆ. ಮಾವನ ಪಾಲಿನಲ್ಲಿ ಏನೇನಿತ್ತು? ತೊಡೆಯ ಗಿಣ್ಣು, ಬೆನ್ನುಮೂಳೆಯ ತುಂಡು, ಎರಡು ಪಕ್ಕೆ. ಅಜ್ಜಿಯ ಪಾಲಿನಲ್ಲಿ? ಬರೀ ಮೆತ್ತನೆಯ ಮಾಂಸ, ಒಂದು ಮೂಳೆ ಇಲ್ಲ. ಅದನ್ನೆಲ್ಲ ನನ್ನ ಕೈಯಾರೆ ತಟ್ಟೆಗೆ ಸುರಿದಿದ್ದೆ, ನನ್ನ ಕೈಯಾರೆ ಕಲೆಸಿದ್ದೆ. ಕಣ್ಣಿದ್ದೂ ಕಂಡಿರಲಿಲ್ಲ. ಅಜ್ಜಿಗೆ ಬಾಯಲ್ಲಿ ಎಷ್ಟು ಹಲ್ಲಿದ್ದವು ಅನ್ನೋದೂ ಆಗಲೇ ನೆನಪಾದದ್ದು.

ಆ ಶನಿವಾರವೇ ಊರಿನ ಬಸ್ಸು ಹತ್ತಿದೆ. ಮಧ್ಯಾಹ್ನ ಹೋಗಿ ಇಳಿದಾಗ ಅಪ್ಪ ಕೊಟ್ಟಿಗೆಯ ನೆರಳಲ್ಲಿ ಕೂತು ಹಗ್ಗ ಹೊಸೆಯುತ್ತಿದ್ದ. ನಾನು ಎದುರಿಗೆ ಕುಕ್ಕರುಗಾಲಲ್ಲಿ ಕೂತೆ. ಹೇಗೆ ಶುರು ಮಾಡಬೇಕೋ ಗೊತ್ತಾಗಲಿಲ್ಲ. ಮೂಳೆ ಅಂದೆ. ಅಷ್ಟೇ ಸಾಕಾಯಿತು.

"ಈಗ ಗೊತ್ತಾಯ್ತಾ?" ಅಂದ ಅಪ್ಪ. ಹಗ್ಗದಿಂದ ಕಣ್ಣೆತ್ತಲಿಲ್ಲ. "ನಿಮ್ ಮಾವನ ಮನೇಲಿ ಗಟ್ಟಿ ಹುಡುಗ್ರವೆ. ಮೂಳೆ ಕಡೀತವೆ, ಸಾರು ಕುಡೀತವೆ. ಅದ್ಕೇ ಅವ್ರಿಗೆ ಮೂಳೆ ಹಾಕ್ದೆ, ಗುಡ್ಡೆ ದೊಡ್ದು ಕಾಣ್ತು. ಆ ಮುದುಕಿಗೆ ಮೆತ್ತಂದು ಹಾಕ್ದೆ, ಚಿಕ್ದು ಕಾಣ್ತು. ಬೆಂದ್ಮ್ಯಾಗೆ ತಿನ್ನೋದು ಎರಡು ಮನೇಲೂ ಅಷ್ಟೇ ಆಯ್ತದೆ. ಇಷ್ಟು ವರ್ಸದಿಂದ ಅಂಗೇ ಮಾಡ್ಕಂಡ್ ಬಂದಿದ್ದು."

ನನ್ನ ಲೆಕ್ಕದಲ್ಲಿ ಅರ್ಧ ಅನ್ನೋದು ತಕ್ಕಡಿಯಲ್ಲಿತ್ತು. ಅಪ್ಪನ ಲೆಕ್ಕದಲ್ಲಿ ಅದು ಉಣ್ಣೋರ ತಟ್ಟೆಯಲ್ಲಿತ್ತು. ಯಾವುದರ ಅರ್ಧ ಎಂದು ಅವನು ಮೊದಲು ಕೇಳಿಕೊಳ್ಳುತ್ತಿದ್ದ, ಆಮೇಲೆ ಕತ್ತಿ ಎತ್ತುತ್ತಿದ್ದ. ನಾನು ಆ ಪ್ರಶ್ನೆಯನ್ನೇ ಕೇಳಿಕೊಂಡಿರಲಿಲ್ಲ. ಮಕ್ಕಳಿಗೂ ಕೇಳಲು ಕಲಿಸಿರಲಿಲ್ಲ. ಸಂಖ್ಯೆಯ ಕೆಳಗೊಂದು ಗೀಟು, ಗೀಟಿನ ಕೆಳಗೊಂದು ಸಂಖ್ಯೆ, ಅಷ್ಟೇ ನನ್ನ ವಿದ್ಯೆ.

"ಅವತ್ತೇ ಯಾಕಪ್ಪಾ ಹೇಳಲಿಲ್ಲ?" ಅಂದೆ.

"ಎಂಗೆ ಹೇಳ್ಲಿ? ಅಷ್ಟು ಜನದ ಮುಂದೆ ನಿನ್ ಲೆಕ್ಕ ತಪ್ಪು ಅಂದಿದ್ರೆ ನಿನ್ನ ಯಾರು ಅಯ್ಯವಾರು ಅಂತಿದ್ರು? ನಿನ್ನ ಓದ್ಸಿದ್ದು ಅದಕ್ಕೇನಾ?" ಹಗ್ಗದ ತುದಿಯನ್ನು ಕಾಲಬೆರಳಿಗೆ ಸುತ್ತಿಕೊಂಡ. ನಮ್ಮ ಕಡೆ ಮೇಷ್ಟ್ರಿಗೆ ತೆಲುಗಿನವರ ಹಾಗೆ ಅಯ್ಯವಾರು ಎಂದೇ ಕರೆಯುತ್ತಾರೆ. ಅಪ್ಪನ ಬಾಯಲ್ಲಿ ಆ ಮಾತು ಯಾವಾಗಲೂ ದೊಡ್ಡ ಮಾತಾಗಿತ್ತು.

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. "ನಾನು ಎಲ್ಲರಿಗೂ ಹೇಳ್ತೀನಿ. ತಪ್ಪು ನಂದೇ ಅಂತ ಹೇಳ್ತೀನಿ," ಅಂದೆ.

ಅಪ್ಪ ಆಗ ತಲೆಯೆತ್ತಿದ. ಬೇಡ ಅನ್ನುತ್ತಾನೆ ಅಂದುಕೊಂಡಿದ್ದೆ, ನಿಜ ಹೇಳಬೇಕೆಂದರೆ ಅನ್ನಲಿ ಅಂತಲೂ ಇತ್ತು. ಅವನು ಅನ್ನಲಿಲ್ಲ.

"ಹೇಳು," ಅಂದ. "ನಂಗೆ ಆ ಕತ್ತಿ ಇನ್ನ ಬ್ಯಾಡ, ಕೈಯೂ ಸೋತೈತೆ. ಬಾಮೈದಂಗೆ ಹೆಚ್ಚಾಕ್ದೋನಲ್ಲ ನಾನು ಅನ್ನೋದೊಂದು ಜನಕ್ಕೆ ಗೊತ್ತಾಗ್ಲಿ. ಅಷ್ಟೇ ಕಣಪ್ಪ. ದಾರೀಲಿ ಹೋಯ್ತಿದ್ರೆ ಮಾತು ನಿಲ್ಲುಸ್ಬುಡ್ತಾರೆ, ನಿಂಗೊತ್ತಿಲ್ಲ."

ಹೇಳ್ತೀನಿ ಅಂದೆ. ಅವತ್ತೇ ಸಾಯಂಕಾಲ ಅರಳಿಕಟ್ಟೆಗೆ ಹೋದರೆ ಅರ್ಧ ಊರು ಸಿಗುತ್ತಿತ್ತು. ಹೋಗಲಿಲ್ಲ. ಬರೋ ಉಗಾದಿಗೆ ಹನ್ನೆರಡು ಮನೆಯವರೂ ಒಟ್ಟಿಗೆ ಸಿಗುತ್ತಾರೆ, ಆಗ ಹೇಳಿದರೆ ಚೆನ್ನ, ಎಲ್ಲರಿಗೂ ಒಂದೇ ಸಲಕ್ಕೆ ಮುಟ್ಟುತ್ತದೆ ಎಂದು ಮನಸ್ಸಿಗೆ ಹೇಳಿಕೊಂಡೆ. ಹೇಡಿಗೆ ಕಾರಣಗಳು ಕಮ್ಮಿಯೇ? ಆ ವರ್ಷವೆಲ್ಲ ಹೇಗೆ ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಂಡೆ. ಶಾಲೆಯಲ್ಲಿ ಪಾಠದ ರೀತಿ ಮಾತ್ರ ಬದಲಾಯಿಸಿದೆ. ಬರಲನ್ನು ಕಿಟಕಿಯ ಹೊರಗೆ ಎಸೆದೆ. ಅರ್ಧ ಎಂದು ಯಾರಾದರೂ ಹೇಳಿದರೆ ಯಾವುದರ ಅರ್ಧ, ಯಾರಿಗೆ, ಎಂದು ಕೇಳಲು ಶುರು ಮಾಡಿದೆ. ಸೆಟ್ಟೂರಿನ ಹುಡುಗಿಯ ಮನೆಗಳ ಲೆಕ್ಕವನ್ನು ಬೋರ್ಡಿನ ಮೇಲೆ ಬರೆದು ಎಲ್ಲರಿಗೂ ಕಲಿಸಿದೆ. ಅದೆಲ್ಲ ಸುಲಭವಾಗಿತ್ತು, ಅಲ್ಲಿ ನಮ್ಮೂರಿನವರು ಯಾರೂ ಇರಲಿಲ್ಲ.

ಮರುವರ್ಷದ ವರ್ಷತೊಡಕು ಬಂತು. ತಕ್ಕಡಿ ತರಲೇಬೇಕೆಂದು ಊರಿನಿಂದ ಮೊದಲೇ ಹೇಳಿ ಕಳಿಸಿದ್ದರು. ತಂದಿದ್ದೆ. ಹೊಂಗೆಸೊಪ್ಪು ಹಾಸಿಲ್ಲ, ಬೆನ್ನು ತಿರುಗಿಸಿ ಕೂರೋರಿಲ್ಲ. ತಕ್ಕಡಿ ಬಂದ ಮೇಲೆ ಅದೆಲ್ಲ ಯಾಕೆ? ಒಬ್ಬ ಕಡಿದು ಗುಡ್ಡೆಗೆ ಹಾಕುತ್ತಿದ್ದ, ನಾನು ಕೂತು ತೂಗುತ್ತಿದ್ದೆ. ಜನ ಬೋಸಿ ಹಿಡಿದು ಸಾಲಾಗಿ ನಿಂತಿದ್ದರು. ಈಲಿಯ ತುಂಡು ನಂಗೆ ಬಂದಿಲ್ಲ ಅಂತ ಒಬ್ಬರು, ಬರೀ ಕೊಬ್ಬೇ ಬಂತು ಅಂತ ಇನ್ನೊಬ್ಬರು. ಅಪ್ಪ ಕೂಡ ಸಾಲಿನಲ್ಲಿದ್ದ. ಯಾರೊಂದಿಗೂ ಮಾತಿಲ್ಲ. ಮೈಮೇಲೆ ಒಗೆದ ಅಂಗಿ, ತಲೆಗೆ ಹಬ್ಬದ ರುಮಾಲು. ಇವತ್ತು ನಾನು ಮಾತಾಡುತ್ತೇನೆ ಎಂದು ತಯಾರಾಗಿ ಬಂದಿದ್ದ ಅನ್ನೋದು ನೋಡಿದ ಕೂಡಲೇ ಗೊತ್ತಾಯಿತು.

ನಾನು ತಕ್ಕಡಿ ಕೆಳಗಿಟ್ಟು ಎದ್ದು ನಿಂತೆ. ಗಂಟಲು ಸರಿ ಮಾಡಿಕೊಂಡೆ. "ಒಂದು ಮಾತು," ಅಂದೆ.

ಅಷ್ಟರಲ್ಲಿ ಸಾಲಿನ ಮುಂದಿದ್ದ ಹಿರಿಯರೊಬ್ಬರು ಕೈಯೆತ್ತಿ, "ಅಯ್ಯವಾರು ತೂಚಿನಾಕ ಇಂಕ ಮಾಟೇಮಿ!" ಅಂದರು. ಅಯ್ಯವಾರು ತೂಗಿದ ಮೇಲೆ ಇನ್ನು ಮಾತೇನು ಅಂತ. ಆಮೇಲೆ ಅಪ್ಪನ ಕಡೆ ಗಲ್ಲ ತೋರಿಸಿ ಕನ್ನಡದಲ್ಲಿ, "ಈ ವರ್ಸ ಬಾಮೈದಂಗೆ ಬರೀ ಕೈಯೇ ಕಣಪ್ಪೋ," ಅಂದರು. ಎಲ್ಲರೂ ಗೊಳ್ಳೆಂದು ನಕ್ಕರು.

ನಾನೂ ನಕ್ಕೆ.

ಯಾಕೆ ನಕ್ಕೆ ಎಂದು ಇಷ್ಟು ವರ್ಷ ಕೇಳಿಕೊಂಡಿದ್ದೇನೆ. ಹೆದರಿಕೆ ಎನ್ನಲೇ, ಅಯ್ಯವಾರು ಅನ್ನಿಸಿಕೊಂಡ ಖುಷಿ ಎನ್ನಲೇ? ಎರಡೂ ಇತ್ತು. ನಕ್ಕ ಮೇಲೆ ಹೇಳುವುದಕ್ಕೆ ಏನೂ ಉಳಿಯಲಿಲ್ಲ. ನಾನು ಮತ್ತೆ ಕೂತೆ. ಸಾಲು ಮುಂದೆ ಬಂತು. ಅಪ್ಪನ ಸರದಿ ಬಂದಾಗ ಅವನು ಬಗ್ಗಿ ಬೋಸಿಯನ್ನು ನನ್ನ ಮುಂದೆ ಹಿಡಿದ. ಮಗನ ಮುಖ ನೋಡುವ ಹಾಗೆ ನೋಡಲಿಲ್ಲ, ಅಂಗಡಿಯವನನ್ನು ನೋಡುವ ಹಾಗೆ ನೋಡಿದ.

"ನಮ್ಮನೇದು ತೂಗಿ ಹಾಕಿ, ಅಯ್ಯವಾರೇ," ಅಂದ.

ತೂಗಿ ಹಾಕಿದೆ.